ಕಾಂಡ್ಲಾ ಮರದ ಉಂಗುರ, ಕಡಲಿನ ಮಟ್ಟ

1870ರ ದಶಕದ ಕೊನೆಯಲ್ಲಿ ಮುಂಬಯಿಯ ಪೂರ್ವ ದಂಡೆಯಲ್ಲಿ ಪ್ರಿನ್ಸಸ್ ಡಾಕ್ ಕಟ್ಟಲು ನೆಲ ಅಗೆದಾಗ ಜೇಡಿಮಣ್ಣಿನ ಒಳಗೊಂದು ಕಾಡು ಸಿಕ್ಕಿತು. ಕಗ್ಗಲಿ, ಅಂದರೆ ಕಾಚಿನ ಮರದ ಬೊಡ್ಡೆಗಳು. ಎಷ್ಟೋ ಬೊಡ್ಡೆಗಳು ಬೇರು ಬಿಟ್ಟ ಜಾಗದಲ್ಲೇ ನೆಟ್ಟಗೆ ನಿಂತಿದ್ದವು, ಅದೂ ಸಮುದ್ರ ಇಳಿದಾಗಿನ ಮಟ್ಟಕ್ಕಿಂತ ಕೆಳಗೆ. ಕಗ್ಗಲಿ ಒಣನೆಲದ ಮರ, ಉಪ್ಪುನೀರಿನಲ್ಲಿ ಬದುಕುವ ಜಾತಿಯಲ್ಲ. ಒಂದೋ ನೆಲ ಕುಸಿದಿರಬೇಕು, ಇಲ್ಲವೇ ಕಡಲು ಏರಿರಬೇಕು. ಅದೇ ಹೊತ್ತಿಗೆ, 1878ರಲ್ಲಿ, ಅಲ್ಲಿಂದ ಹೆಚ್ಚು ದೂರವಿಲ್ಲದ ಅಪೋಲೊ ಬಂದರಿನಲ್ಲಿ ಉಬ್ಬರಮಾಪಕದ ಅಳತೆ ಶುರುವಾಯಿತು. ಭಾರತದ ಕಡಲಮಟ್ಟದ ದಾಖಲೆಗಳಲ್ಲಿ ಇದಕ್ಕಿಂತ ಉದ್ದದ್ದಿಲ್ಲ. ಚೆನ್ನೈ, ವಿಶಾಖಪಟ್ಟಣ, ಕೊಚ್ಚಿಗಳ ದಾಖಲೆಗಳೆಲ್ಲ ಇಪ್ಪತ್ತನೆಯ ಶತಮಾನದವು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ ಇಂಥ ದಾಖಲೆಗಳನ್ನೆಲ್ಲ ಜೋಡಿಸಿ, ಉತ್ತರ ಹಿಂದೂ ಮಹಾಸಾಗರದ ಅಂಚಿನಲ್ಲಿ ಸಮುದ್ರ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರಿನಷ್ಟು ಏರುತ್ತಿದೆ ಎಂದು ಲೆಕ್ಕ ಕೊಟ್ಟರು.

ಮಾಪಕ ಇಲ್ಲದ ಕಾಲ, ಮಾಪಕ ಇಲ್ಲದ ಊರುಗಳ ಗತಿ ಏನು? ಈ ಪ್ರಶ್ನೆ ಎದ್ದಾಗ ಕಾಂಡ್ಲಾ ಮರದತ್ತ ಕಣ್ಣು ಹೊರಳುವುದು ಸಹಜ. ಉಬ್ಬರದ ನೀರು ದಿನಕ್ಕೆರಡು ಬಾರಿ ತೊಯ್ಯಿಸಿ ಹೋಗುವ ಪಟ್ಟಿಯಲ್ಲೇ ಅದರ ಬದುಕು. ಪಟ್ಟಿಗಿಂತ ಮೇಲೆ ಹೋದರೆ ಬೇರೆ ಗಿಡಗಳು ಅದನ್ನು ಬಿಡವು, ಕೆಳಗಿಳಿದರೆ ಬೇರು ಉಸಿರುಗಟ್ಟುತ್ತದೆ. ಮರವಾದ ಮೇಲೆ ಅದಕ್ಕೆ ಉಂಗುರಗಳೂ ಇರಬೇಕು. ಉಂಗುರ ಎಣಿಸಿದರೆ ವರ್ಷ ಸಿಗುತ್ತದೆ, ಅಗಲ ಅಳೆದರೆ ಆ ವರ್ಷದ ಕಡಲು ಹೇಗಿತ್ತೆಂದು ಗೊತ್ತಾಗುತ್ತದೆ ಎಂಬ ಆಸೆ. ಕೇಳುವುದಕ್ಕೆ ಇಷ್ಟು ಸರಳವಾದ ಈ ಯೋಚನೆ ಕಳೆದ ಕೆಲವು ದಶಕಗಳಲ್ಲಿ ಎಲ್ಲೆಲ್ಲಿ ಎಡವಿತು, ಎಲ್ಲಿ ನಿಂತಿತು ಎಂದು ನೋಡುವುದು ಈ ಲೇಖನದ ಕೆಲಸ.

ಉಂಗುರ ಓದುವ ವಿದ್ಯೆ ಹುಟ್ಟಿದ್ದು ಕಡಲಿನಿಂದ ಬಲು ದೂರ, ಅಮೆರಿಕದ ಅರಿಜೋನಾದ ಒಣ ಗುಡ್ಡಗಳಲ್ಲಿ. ಖಗೋಳ ವಿಜ್ಞಾನಿ ಎ. ಇ. ಡಗ್ಲಸ್ ಸೂರ್ಯನ ಕಲೆಗಳ ಏರಿಳಿತಕ್ಕೂ ಮಳೆಗೂ ನಂಟಿದೆಯೇ ಎಂದು ಹುಡುಕಲು ಹೊರಟು ಪೈನ್ ಮರಗಳ ಉಂಗುರಕ್ಕೆ ಕೈ ಹಾಕಿದರು. ಅಲ್ಲಿ ಬರದ ವರ್ಷ ಸಣ್ಣ ಉಂಗುರ, ಮಳೆಯ ವರ್ಷ ದಪ್ಪ ಉಂಗುರ. ಒಂದು ಮರದ ದಪ್ಪ-ಸಣ್ಣ ಸಾಲು ಪಕ್ಕದ ಮರದ ಸಾಲಿಗೆ ಹೊಂದುತ್ತದೆ. ಹೀಗೆ ಮರದಿಂದ ಮರಕ್ಕೆ ತಾಳೆ ನೋಡುತ್ತ ಹೋದರೆ ಸತ್ತ ಮರದ ಕೊನೆಯ ಉಂಗುರಕ್ಕೂ ಇಸವಿ ಹಚ್ಚಬಹುದು. ಎಣಿಕೆಗಿಂತ ಈ ತಾಳೆಯೇ ಇಡೀ ಶಾಸ್ತ್ರದ ಬೆನ್ನೆಲುಬು.

ಈ ವಿದ್ಯೆ ಕಡಲಂಚಿನಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಕಾಂಡ್ಲಾಕ್ಕೆ ಸಂಬಂಧವೇ ಇಲ್ಲದ ಒಂದು ಉದಾಹರಣೆ ಇದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊಪಾಲಿಸ್ ನದಿಯ ಅಳಿವೆಯಲ್ಲಿ ಕೆಂಪು ಸೀಡರ್ ಮರಗಳು ಸತ್ತು ಬೆಳ್ಳಗಾಗಿ ಈಗಲೂ ನಿಂತಿವೆ. ಜನ ಅದನ್ನು ಭೂತಗಳ ಕಾಡು ಎನ್ನುತ್ತಾರೆ. ಮರಗಳ ಬುಡದಲ್ಲಿ ಉಪ್ಪುನೀರಿನ ಜೌಗು. ಭೂವಿಜ್ಞಾನಿ ಬ್ರಯನ್ ಅಟ್ವಾಟರ್ ಮತ್ತು ಉಂಗುರ ತಜ್ಞ ಡೇವಿಡ್ ಯಮಗೂಚಿ ಅವುಗಳ ಸಾವಿನ ಕಾಲ ಹುಡುಕಿದರು. ಕಾಂಡದ ಹೊರಪದರ ಗಾಳಿಮಳೆಗೆ ಸವೆದುಹೋಗಿ ಕೊನೆಯ ಉಂಗುರಗಳು ಕಳೆದಿದ್ದವು. ಆದರೆ ಕೆಸರಿನೊಳಗಿದ್ದ ಬೇರುಗಳಲ್ಲಿ ತೊಗಟೆ ಉಳಿದಿತ್ತು. ಅಗೆದು ತೆಗೆದ ಬೇರುಗಳ ಕೊನೆಯ ಉಂಗುರ 1699ರದ್ದು. ಅಂದರೆ ಮರಗಳು ಸತ್ತದ್ದು ಆ ವರ್ಷದ ಬೆಳವಣಿಗೆ ಮುಗಿದ ಮೇಲೆ, ಮುಂದಿನ ವರ್ಷದ ಚಿಗುರಿಗೆ ಮೊದಲು. ಜಪಾನಿನಲ್ಲಿ ಭೂಕಂಪವೇ ಇಲ್ಲದೆ ಸುನಾಮಿ ಬಂದ ದಾಖಲೆಯೊಂದು ಮೊದಲಿಂದಲೂ ಇತ್ತು. ಕೆಂಜಿ ಸತಾಕೆ ಮತ್ತು ಸಂಗಡಿಗರು ಅದರ ಅಲೆಯ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಬಂದ ದಿನ 1700ರ ಜನವರಿ 26. ಎರಡೂ ಕೂಡಿಬಂದವು. ಭಾರಿ ಭೂಕಂಪದಲ್ಲಿ ಕರಾವಳಿ ಒಮ್ಮೆಲೇ ಕುಸಿದು, ಕಾಡಿನೊಳಗೆ ಕಡಲು ನುಗ್ಗಿತ್ತು. ಅಲ್ಲಿ ಏರಿದ್ದು ಸಮುದ್ರವಲ್ಲ, ಇಳಿದದ್ದು ನೆಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ದಂಡೆಯ ಮೇಲೆ ನಿಂತ ಮರಕ್ಕೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ.

ಕೊಪಾಲಿಸ್‌ನಲ್ಲಿ ಉತ್ತರ ಇಷ್ಟು ಚೊಕ್ಕಟವಾಗಿ ಸಿಕ್ಕಿದ್ದಕ್ಕೆ ಎರಡು ಕಾರಣ. ಚಳಿಗಾಲದಲ್ಲಿ ಬೆಳವಣಿಗೆ ನಿಂತೇ ಹೋಗುವ ಸೀಮೆ ಅದು, ಹಾಗಾಗಿ ಉಂಗುರ ಗೆರೆ ಎಳೆದಂತೆ ಇರುತ್ತದೆ. ಘಟನೆಯೂ ಒಂದೇ ರಾತ್ರಿಯದ್ದು. ಕಾಂಡ್ಲಾಕ್ಕೆ ಈ ಎರಡೂ ಅನುಕೂಲ ಇಲ್ಲ. ಉಷ್ಣವಲಯದಲ್ಲಿ ಅದು ವರ್ಷವಿಡೀ ಹಸಿರು, ಬುಡದಲ್ಲಿ ವರ್ಷವಿಡೀ ನೀರು. ಬೆಳವಣಿಗೆ ಪೂರ್ತಿ ನಿಲ್ಲುವ ಋತುವೇ ಇಲ್ಲದಿದ್ದರೆ ಉಂಗುರ ಎಲ್ಲಿಂದ ಬರಬೇಕು? ಪಿ. ಬಿ. ಟಾಮ್ಲಿನ್ಸನ್ 1986ರಲ್ಲಿ ಕಾಂಡ್ಲಾಗಳ ಸಸ್ಯಶಾಸ್ತ್ರದ ಮೇಲೆ ಬರೆದ ಗ್ರಂಥ ಬಹುಕಾಲ ಈ ಕ್ಷೇತ್ರದ ಆಕರವಾಗಿತ್ತು. ಆಗ ಬಲ್ಲವರ ನಡುವೆ ಇದ್ದ ಸಾಮಾನ್ಯ ಅಭಿಪ್ರಾಯ, ಈ ಮರಗಳಲ್ಲಿ ನಂಬುವಂಥ ವಾರ್ಷಿಕ ಉಂಗುರ ಇಲ್ಲ ಎಂದೇ.

ಅಭಿಪ್ರಾಯ ಸಡಿಲವಾದದ್ದು ಈ ಶತಮಾನದ ಆರಂಭದಲ್ಲಿ. 2003ರಲ್ಲಿ ಉತ್ತರ ಬ್ರೆಜಿಲ್ಲಿನ ಬ್ರಗಾನ್ಸಾ ಪರ್ಯಾಯದ್ವೀಪದ ಕೆಂಪು ಕಾಂಡ್ಲಾದಲ್ಲಿ ವಾರ್ಷಿಕ ಉಂಗುರ ಇದೆಯೆಂದು ಮೆನೆಜೆಸ್, ಬರ್ಗರ್ ಮತ್ತು ವೊರ್ಬೆಸ್ ತೋರಿಸಿದರು. ಮರುವರ್ಷ ಬೆಲ್ಜಿಯಂನ ಅನೂಕ್ ವೆರ್ಹೈಡನ್ ಮತ್ತು ಸಂಗಡಿಗರು ಕೀನ್ಯಾದ ಗಾಜಿ ಕೊಲ್ಲಿಯ ರೈಜೋಫೊರಾ ಮ್ಯೂಕ್ರೊನೇಟಾ ಮರಗಳ ಬಗ್ಗೆ ಬರೆದರು. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಊರುಗೋಲು ಬೇರು ಚಾಚಿ ನಿಂತಿರುವುದೂ ಇದೇ ಜಾತಿ. ಅವರ ವಿಧಾನ ಸರಳ. ಮರ ಬದುಕಿರುವಾಗಲೇ ತೊಗಟೆಯ ಮೂಲಕ ಸೂಜಿಯಂಥದ್ದನ್ನು ಚುಚ್ಚಿ, ಹೊಸ ಕಟ್ಟಿಗೆ ಹುಟ್ಟುವ ಕ್ಯಾಂಬಿಯಂ ಪದರಕ್ಕೆ ಗಾಯ ಮಾಡುವುದು, ತಾರೀಕು ಬರೆದಿಡುವುದು. ಮರ ಆ ಗಾಯದ ಸುತ್ತ ಬೆಳೆಯುತ್ತಲೇ ಹೋಗುತ್ತದೆ. ಆಮೇಲೆ ಕಡಿದು ನೋಡಿದರೆ ಗಾಯದ ಗುರುತಿನಿಂದ ತೊಗಟೆಯವರೆಗೆ ಎಷ್ಟು ಪಟ್ಟೆ ಬೆಳೆದಿವೆ ಎಂಬುದನ್ನು ಕ್ಯಾಲೆಂಡರಿನ ಜೊತೆ ತಾಳೆ ನೋಡಬಹುದು. ವರ್ಷಕ್ಕೊಂದು ಪಟ್ಟೆ ಎಂಬುದು ಹೀಗೆ ಖಚಿತವಾಯಿತು.

ಆದರೆ ಆ ಪಟ್ಟೆಯನ್ನು ತೇಗದ ಉಂಗುರದ ಜೊತೆ ಹೋಲಿಸುವಂತಿಲ್ಲ. ಚೆನ್ನಾಗಿ ಉಜ್ಜಿ ನಯಗೊಳಿಸಿದ ಅಡ್ಡಕೊಯ್ತದ ಮೇಲೆ ತಿಳಿ ಕಂದು, ಕಡು ಕಂದು ಬಣ್ಣಗಳು ಒಂದರೊಳಗೊಂದು ಕರಗಿದಂತೆ ಕಾಣುತ್ತವೆ. ಇಲ್ಲಿಗೆ ಒಂದು ವರ್ಷ ಮುಗಿಯಿತು ಎಂದು ಬೆರಳಿಟ್ಟು ತೋರಿಸುವ ಗೆರೆ ಇಲ್ಲ. ವ್ಯತ್ಯಾಸ ಇರುವುದು ನೀರು ಸಾಗಿಸುವ ನಾಳಗಳ ದಟ್ಟಣೆಯಲ್ಲಿ. ಮಳೆಗಾಲದ ಕಟ್ಟಿಗೆಯಲ್ಲಿ ನಾಳಗಳು ವಿರಳ, ಬೇಸಗೆಯ ಕಟ್ಟಿಗೆಯಲ್ಲಿ ದಟ್ಟ. ಗಾಜಿ ಕೊಲ್ಲಿಯಲ್ಲಿ ವರ್ಷಕ್ಕೆ ಎರಡು ಮಳೆಗಾಲ ಇದ್ದರೂ ಪಟ್ಟೆ ಮಾತ್ರ ಒಂದೇ.

ಇನ್ನೊಂದು ಮುಖ್ಯ ಜಾತಿಯಾದ ಅವಿಸೆನ್ನಿಯಾದ ಕಥೆ ಬೇರೆ. ಅದರ ಕಾಂಡ ಕೊಯ್ದರೆ ಪಟ್ಟೆಗಳು ಎದ್ದು ಕಾಣುತ್ತವೆ, ಹೊಸಬ ಖುಷಿಯಿಂದ ಎಣಿಸಲು ಕೂರುತ್ತಾನೆ. ಒಂದು ಬದಿಯಿಂದ ಎಣಿಸಿದರೆ ಒಂದು ಸಂಖ್ಯೆ, ಇನ್ನೊಂದು ಬದಿಯಿಂದ ಇನ್ನೊಂದು. ಪಟ್ಟೆಗಳು ನಡುವೆಯೇ ಕವಲೊಡೆಯುತ್ತವೆ, ಕೂಡಿಕೊಳ್ಳುತ್ತವೆ. ಬೇರೆ ಮರಗಳಿಗೆ ಒಂದೇ ಕ್ಯಾಂಬಿಯಂ ಇದ್ದರೆ ಇದಕ್ಕೆ ಒಂದರ ಹಿಂದೊಂದು ಹಲವು, ಅವೂ ಏಕಕಾಲಕ್ಕೆ ಅಲ್ಲಲ್ಲಿ ತೇಪೆಯಂತೆ ಬೆಳೆಯುತ್ತವೆ. ಈ ಪಟ್ಟೆಗಳ ಹತೋಟಿ ಹೊರಗಿನ ಋತುವಿಗಿಂತ ಮರದ ಒಳಗೇ ಇದೆ ಎಂದು ಎ. ಎಂ. ಗಿಲ್ 1971ರಷ್ಟು ಹಿಂದೆಯೇ ಹೇಳಿದ್ದರು. ನೆಲೆ ಶ್ಮಿಟ್ಸ್ ಮತ್ತು ಸಂಗಡಿಗರು 2008ರಲ್ಲಿ ಕೀನ್ಯಾದ ಮರಗಳಿಂದ ಇದರ ವಿವರ ಬಿಡಿಸಿಟ್ಟರು. 2011ರಲ್ಲಿ ಎಲಿಸಬೆತ್ ರಾಬರ್ಟ್ ಮತ್ತಿತರರು ಹಲವು ಜಾತಿಗಳನ್ನು ಒಟ್ಟಿಗಿಟ್ಟು ನೋಡಿ, ಕಾಂಡ್ಲಾದ ಉಂಗುರ ನಿಜವೋ ಕಟ್ಟುಕಥೆಯೋ ಎಂಬ ಪ್ರಶ್ನೆಯನ್ನೇ ಲೇಖನಕ್ಕೆ ತಲೆಬರಹ ಮಾಡಿದರು. ಜಾತಿಯಿಂದ ಜಾತಿಗೆ, ಊರಿನಿಂದ ಊರಿಗೆ ಉತ್ತರ ಬೇರೆ. ಬಾಂಗ್ಲಾದೇಶದ ಸುಂದರಬನದಲ್ಲಿ ಸುಂದರಿ ಮರ ಮತ್ತು ಸೊನೆರೇಷಿಯಾ ಅಪೆಟಾಲಾದ ಉಂಗುರಗಳ ಮೇಲೆ ಅಲ್ಲಿನ ವಿಜ್ಞಾನಿಗಳು ಒಳ್ಳೆಯ ಕೆಲಸ ಮಾಡಿದ್ದಾರೆ. ಅಲ್ಲಿ ಮಳೆಗಾಲ-ಬೇಸಗೆಗಳ ಭೇದ ಕಟುವಾಗಿರುವುದರಿಂದ ಉಂಗುರವೂ ಅಷ್ಟಿಷ್ಟು ಒಲಿಯುತ್ತದೆ.

ಉಂಗುರ ಇದೆ ಎಂದೇ ಇಟ್ಟುಕೊಳ್ಳೋಣ. ಅದು ಬರೆಯುವುದು ಏನನ್ನು? ನನಗೆ ಇಡೀ ಪ್ರಶ್ನೆಯ ಮರ್ಮ ಇಲ್ಲಿದೆ ಎನಿಸುತ್ತದೆ. ವೆರ್ಹೈಡನ್ ತಂಡ 2005ರಲ್ಲಿ ಗಾಜಿ ಕೊಲ್ಲಿಯ ಮರಗಳ ನಾಳದಟ್ಟಣೆಯನ್ನು ಹವಾಮಾನದ ಜೊತೆ ಹೋಲಿಸಿತು, ಮಳೆಯ ನಂಟು ಕಂಡಿತು. ಮರುವರ್ಷ ಶ್ಮಿಟ್ಸ್ ತಂಡ ಉಪ್ಪಿನಂಶ ಬೇರೆ ಬೇರೆ ಇರುವ ಜಾಗಗಳ ಮರಗಳನ್ನು ಹೋಲಿಸಿ, ಉಪ್ಪು ಹೆಚ್ಚಿದಷ್ಟೂ ನಾಳಗಳು ದಟ್ಟವಾಗುವುದನ್ನು ತೋರಿಸಿತು. ಇದಕ್ಕೆ ಕಾರಣವಿದೆ. ಉಪ್ಪುನೀರಿನಿಂದ ನೀರೆಳೆಯಲು ಮರ ಜೋರಾಗಿ ಜಗ್ಗಬೇಕು. ಹಾಗೆ ಜಗ್ಗುವಾಗ ನಾಳದೊಳಗೆ ಗಾಳಿಗುಳ್ಳೆ ಹುಟ್ಟಿ ನೀರಿನ ಎಳೆ ತುಂಡಾಗುವ ಅಪಾಯ ಉಂಟು. ಸಣ್ಣ ನಾಳಗಳು ಹಲವಿದ್ದರೆ ಒಂದೆರಡು ಕಟ್ಟಿಕೊಂಡರೂ ಉಳಿದವು ಕೆಲಸ ಸಾಗಿಸುತ್ತವೆ. ಅಂದರೆ ಮರ ತನ್ನ ಕಟ್ಟಿಗೆಯಲ್ಲಿ ಬರೆದಿಡುವುದು ಬೇರಿನ ಸುತ್ತಲಿನ ನೀರು ಎಷ್ಟು ಉಪ್ಪಾಗಿತ್ತು ಎಂಬುದನ್ನು. ಕಡಲ ಮಟ್ಟ ಅದರಲ್ಲಿ ಬರುವುದು ಪರೋಕ್ಷವಾಗಿ. ಸಮುದ್ರ ಏರಿದರೂ ಅಳಿವೆ ಉಪ್ಪಾಗುತ್ತದೆ, ಮಳೆ ಕೈಕೊಟ್ಟರೂ ಉಪ್ಪಾಗುತ್ತದೆ, ಮೇಲೆಲ್ಲೋ ನದಿ ತಿರುಗಿಸಿದರೂ ಉಪ್ಪಾಗುತ್ತದೆ. ಮೂರಕ್ಕೂ ಕಟ್ಟಿಗೆಯಲ್ಲಿ ಬೀಳುವ ಗುರುತು ಒಂದೇ.

ಅಗಲವನ್ನು ನಂಬೋಣವೆಂದರೆ ಅಲ್ಲೂ ತೊಡಕು. ಏರನ್ ಎಲಿಸನ್ ಮತ್ತು ಎಲಿಸಬೆತ್ ಫಾರ್ನ್ಸ್‌ವರ್ತ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಕೆಂಪು ಕಾಂಡ್ಲಾ ಸಸಿಗಳನ್ನು ಗಾಜಿನಮನೆಯೊಳಗೆ ಕೃತಕ ಉಬ್ಬರ-ಇಳಿತದ ತೊಟ್ಟಿಗಳಲ್ಲಿ ಎರಡೂವರೆ ವರ್ಷ ಬೆಳೆಸಿದರು. ಕೆಲವಕ್ಕೆ ಈಗಿನ ಮಟ್ಟದ ನೀರು, ಕೆಲವಕ್ಕೆ 16 ಸೆಂಟಿಮೀಟರ್ ಹೆಚ್ಚು, ಕೆಲವಕ್ಕೆ ಅಷ್ಟೇ ಕಡಿಮೆ. ನೀರು ಹೆಚ್ಚಾದ ಸಸಿಗಳು ಮೊದಮೊದಲು ಉಳಿದವಕ್ಕಿಂತ ಚುರುಕಾಗಿ ಬೆಳೆದವು, ದೊಡ್ಡದಾಗುತ್ತಿದ್ದಂತೆ ಮುಗ್ಗರಿಸಿದವು. ಕೊನೆಯಲ್ಲಿ ನೀರು ಹೆಚ್ಚಾದವೂ ಕಡಿಮೆಯಾದವೂ ಎರಡೂ ಮಾಮೂಲು ಮಟ್ಟದವುಗಳಿಗಿಂತ ಶೇಕಡಾ 10ರಿಂದ 20ರಷ್ಟು ಗಿಡ್ಡ. ಹಾಗಾದರೆ ಸಣ್ಣ ಉಂಗುರ ಕಂಡಾಗ ಕಡಲು ಏರಿತ್ತೆನ್ನಬೇಕೆ, ಇಳಿದಿತ್ತೆನ್ನಬೇಕೆ? ಆ ವರ್ಷ ಮರಕ್ಕೆ ಎಷ್ಟು ವಯಸ್ಸಾಗಿತ್ತು ಎಂಬುದೂ ಲೆಕ್ಕಕ್ಕೆ ಬರಬೇಕು.

ಕಡಲು ಇಳಿದಾಗಲೂ ಕಾಂಡ್ಲಾ ಸಾಯುತ್ತದೆ ಎಂಬುದನ್ನು ಆಸ್ಟ್ರೇಲಿಯಾ ದೊಡ್ಡ ಪ್ರಮಾಣದಲ್ಲೇ ಕಂಡಿತು. 2015-16ರ ಬೇಸಗೆಯಲ್ಲಿ ಕಾರ್ಪೆಂಟೇರಿಯಾ ಖಾರಿಯ ದಂಡೆಯುದ್ದಕ್ಕೂ ಸುಮಾರು 1,000 ಕಿಲೋಮೀಟರ್ ಉದ್ದಕ್ಕೆ 7,400 ಹೆಕ್ಟೇರಿನಷ್ಟು ಕಾಂಡ್ಲಾ ಒಮ್ಮೆಗೇ ಒಣಗಿತು. ಆಗ ಬಲವಾದ ಎಲ್ ನಿನೊ. ಮಳೆ ಕಡಿಮೆ, ಸೆಕೆ ಹೆಚ್ಚು, ಅದರ ಮೇಲೆ ಸಮುದ್ರವೇ ಸುಮಾರು 20 ಸೆಂಟಿಮೀಟರ್ ತಗ್ಗಿತ್ತು ಎಂಬ ಅಂದಾಜು. ಉಬ್ಬರ ಮೇಲಿನ ಅಂಚು ಮುಟ್ಟದೆ ಮಣ್ಣಿನಲ್ಲಿ ಉಪ್ಪು ಗಟ್ಟಿಯಾಗಿ ಮರಗಳು ಬಾಯಾರಿ ಸತ್ತವು. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಖಾರಿಯಲ್ಲೂ ಕಡಲು ತಗ್ಗಿದ ಅವಧಿಗಳಿಗೂ ಮರಗಳ ಸಾವಿಗೂ ನಂಟಿದೆ ಎಂದು ಕ್ಯಾಥರೀನ್ ಲವ್‌ಲಾಕ್ ಮತ್ತಿತರರು 2017ರಲ್ಲಿ ಬರೆದರು. ಅದೇ ಪಶ್ಚಿಮ ಕರಾವಳಿಯ ಅವಿಸೆನ್ನಿಯಾ ಮರಗಳನ್ನು ನಾದಿಯಾ ಸಾಂತಿನಿ ತಂಡ 2013ರಲ್ಲಿ ಓದಿದ ಬಗೆ ಜಾಣತನದ್ದು. ಪಟ್ಟೆ ನಂಬುವಂತಿಲ್ಲವಾದ್ದರಿಂದ ಅವರು ಎಣಿಸಲೇ ಇಲ್ಲ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ವಿಪರೀತ ಏರಿ, ಆಮೇಲೆ ಇಳಿಯುತ್ತ ಬಂತಲ್ಲ, ಆ ಏರಿಳಿತ ಕಟ್ಟಿಗೆಯಲ್ಲೂ ಉಳಿದಿದೆ. ಅದನ್ನೇ ಗಡಿಯಾರ ಮಾಡಿಕೊಂಡು ಕಾಂಡದ ಯಾವ ಭಾಗ ಯಾವ ವರ್ಷದ್ದೆಂದು ಗುರುತಿಸಿ, ಕಟ್ಟಿಗೆಯ ಸಾಂದ್ರತೆಯನ್ನು ಪೆಸಿಫಿಕ್ ಸಾಗರದ ದಶಕಗಳ ಏರಿಳಿತಕ್ಕೆ ಹೋಲಿಸಿದರು. ಮನುಷ್ಯ ಮಾಡಿದ ಕೇಡಿನಿಂದ ವಿಜ್ಞಾನಕ್ಕೆ ಒದಗಿದ ಕೆಲವೇ ಉಪಕಾರಗಳಲ್ಲಿ ಇದೂ ಒಂದು.

ಚಂದ್ರನನ್ನೂ ಮರೆಯುವಂತಿಲ್ಲ. ಚಂದ್ರನ ಕಕ್ಷೆಯ ಓಲಾಟದಿಂದ ಉಬ್ಬರ-ಇಳಿತದ ಎತ್ತರ 18.6 ವರ್ಷಗಳ ಚಕ್ರದಲ್ಲಿ ಹೆಚ್ಚುಕಡಿಮೆ ಆಗುತ್ತದೆ. ಈ ಚಕ್ರಕ್ಕೆ ತಕ್ಕಂತೆ ಆಸ್ಟ್ರೇಲಿಯಾದ ಕಾಂಡ್ಲಾಗಳ ಹಂದರ ದಟ್ಟವಾಗುವುದು, ತೆಳುವಾಗುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ ಎಂದು ನೀಲ್ ಸೈಂಟಿಲನ್ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು. ಅಳಿವೆಯ ಮರವೊಂದರಲ್ಲಿ ಎಂಟೊಂಬತ್ತು ವರ್ಷ ಸತತವಾಗಿ ಉಂಗುರ ಸಣ್ಣದಾಗಿದ್ದರೆ ಕಡಲೇರಿಕೆಯ ಮೇಲೆ ತಪ್ಪು ಹೊರಿಸುವ ಮುನ್ನ ಚಂದ್ರನ ಲೆಕ್ಕ ಕೇಳಬೇಕು.

ಉಂಗುರದ ರಸಾಯನ ಓದುವುದು ಇನ್ನೊಂದು ದಾರಿ. ಸಮುದ್ರದ ನೀರಿನಲ್ಲಿ ಆಮ್ಲಜನಕದ ಭಾರದ ರೂಪ ಮಳೆನೀರಿಗಿಂತ ಹೆಚ್ಚು, ಮರ ಯಾವ ನೀರು ಕುಡಿಯಿತೆಂಬುದರ ಸುಳಿವು ಕಾಂಡದಲ್ಲಿ ಉಳಿಯುತ್ತದೆ. ಫ್ಲಾರಿಡಾದ ದಕ್ಷಿಣ ತೀರದಲ್ಲಿ ಲಿಯೊನೆಲ್ ಸ್ಟರ್ನ್‌ಬರ್ಗ್ 1980ರ ದಶಕದಲ್ಲೇ ಇದನ್ನು ಬಳಸಿ ಯಾವ ಗಿಡ ಕಡಲ ನೀರು ಕುಡಿಯುತ್ತದೆ, ಯಾವುದು ಸಿಹಿನೀರನ್ನು ನೆಚ್ಚಿದೆ ಎಂದು ಬೇರ್ಪಡಿಸಿದ್ದರು. ಅಲ್ಲಿನ ಶುಗರ್‌ಲೋಫ್ ನಡುಗಡ್ಡೆಯ ಪೈನ್ ಕಾಡು ಕಡಲು ಸುಮಾರು 15 ಸೆಂಟಿಮೀಟರ್ ಏರುವಷ್ಟರಲ್ಲಿ 88 ಹೆಕ್ಟೇರಿನಿಂದ 30 ಹೆಕ್ಟೇರಿಗೆ ಇಳಿದ ಕಥೆಯನ್ನು ಅವರೂ ಸೇರಿ 1994ರಲ್ಲಿ ಬರೆದರು. ಕಡಲೇರಿಕೆಯ ಚರಿತ್ರೆಗೆ ಇಂಥ ಅಂಚಿನ ಮರ, ಉಪ್ಪು ತಾಳದೆ ಸಾಯುವ ಮರ, ಕಾಂಡ್ಲಾಕ್ಕಿಂತ ಒಳ್ಳೆಯ ಸಾಕ್ಷಿ ಎಂದು ನನಗನ್ನಿಸುತ್ತದೆ. ಮುಂಬಯಿಯ ಕಗ್ಗಲಿ, ಕೊಪಾಲಿಸ್‌ನ ಸೀಡರ್, ಶುಗರ್‌ಲೋಫ್‌ನ ಪೈನ್ ಮೂರೂ ಹೇಳಿದ್ದು ಒಂದೇ ಮಾತು: ನೀರು ಇಲ್ಲಿಯವರೆಗೆ ಬಂತು. ಕಾಂಡ್ಲಾ ಸಹಿಸಿಕೊಳ್ಳುವ ಮರ, ಸಹಿಸಿಕೊಳ್ಳುವವರ ಸಾಕ್ಷ್ಯದಲ್ಲಿ ಯಾವಾಗಲೂ ಅಸ್ಪಷ್ಟತೆ ಇರುತ್ತದೆ.

ಆಯುಸ್ಸಿನ ಮಿತಿಯೂ ಇದೆ. ರೈಜೋಫೊರಾ ಮರವೊಂದು ನೂರು ವರ್ಷ ಬಾಳಿದರೆ ದೊಡ್ಡದು. ಅದರಿಂದ ಉಬ್ಬರಮಾಪಕದ ದಾಖಲೆಗಿಂತ ಹಿಂದಕ್ಕೆ ಹೋಗುವುದು ಕಷ್ಟ. ಸಾವಿರಾರು ವರ್ಷಗಳ ಮಾತು ಬಂದಾಗ ಮರ ಬಿಟ್ಟು ಅದರ ಬುಡದ ಕೆಸರಿಗೆ ಇಳಿಯಬೇಕಾಗುತ್ತದೆ. ಕಡಲಮಟ್ಟದ ಬಗ್ಗೆ ಕಾಂಡ್ಲಾ ಕೊಟ್ಟ ದೊಡ್ಡ ಉತ್ತರಗಳೆಲ್ಲ ಅಲ್ಲಿಂದಲೇ ಬಂದಿವೆ.

ಕೆರಿಬಿಯನ್ ಸಮುದ್ರದ ಬೆಲೀಜ್ ದೇಶದ ನಡುಗಡ್ಡೆಗಳಲ್ಲಿ ನದಿಯ ಮಣ್ಣು ಬರುವುದೇ ಇಲ್ಲ. ಅಲ್ಲಿ ಕಾಂಡ್ಲಾ ತನ್ನ ಬೇರುಗಳನ್ನೇ ಕೆಸರಿನಲ್ಲಿ ಪೇರಿಸುತ್ತ ನೆಲ ಎತ್ತರಿಸಿಕೊಂಡಿದೆ. ಕೊಳೆಯದೆ ಉಳಿದ ಬೇರುಗಳ ಈ ಪೀಟ್ ಪದರ ಕೆಲವೆಡೆ ಹತ್ತು ಮೀಟರ್ ದಪ್ಪ, ಏಳೆಂಟು ಸಾವಿರ ವರ್ಷ ಹಳೆಯದು. ಕಾಂಡ್ಲಾ ಬೆಳೆಯುವುದು ಉಬ್ಬರದ ಪಟ್ಟಿಯಲ್ಲೇ ಆದ್ದರಿಂದ ಪೀಟಿನ ಆಳ ಮತ್ತು ಅದರ ಇಂಗಾಲ-14ರ ವಯಸ್ಸು ಸೇರಿದರೆ ಆ ಕಾಲದ ಕಡಲಮಟ್ಟದ ಒಂದು ಬಿಂದು ಸಿಗುತ್ತದೆ. ತೊಂದರೆ ಇಲ್ಲದಿಲ್ಲ. ಪೀಟ್ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಈಚಿನ ಮರದ ಬೇರು ಹಳೆಯ ಪದರಕ್ಕೆ ಇಳಿದು ವಯಸ್ಸನ್ನು ಕಡಿಮೆ ತೋರಿಸುತ್ತದೆ. ಆದರೂ ಇಂಥ 78 ತಾಣಗಳ ದಾಖಲೆ ಜೋಡಿಸಿ ಸೈಂಟಿಲನ್ ತಂಡ 2020ರಲ್ಲಿ ಒಂದು ಮಹತ್ವದ ಸಂಖ್ಯೆ ಕೊಟ್ಟಿತು. ಸ್ಥಳೀಯ ಕಡಲೇರಿಕೆ ವರ್ಷಕ್ಕೆ 6.1 ಮಿಲಿಮೀಟರ್ ಮೀರಿದರೆ ಕಾಂಡ್ಲಾ ನೆಲ ಎತ್ತರಿಸಿಕೊಂಡು ನಿಲ್ಲುವ ಸಾಧ್ಯತೆ ತೀರ ಕಡಿಮೆ. ಯಾವ ಉಂಗುರವೂ ಈ ಸಂಖ್ಯೆ ಕೊಡಲಾರದು. ಇನ್ನೂ ಹಿಂದಿನ ಸಾಕ್ಷಿ ಬೇಕೆಂದರೆ ಮೆಕ್ಸಿಕೊದ ಸಾನ್ ಪೆದ್ರೊ ಮಾರ್ತಿರ್ ನದಿಗೆ ಹೋಗಬೇಕು. ಕಡಲಿನಿಂದ ಸುಮಾರು 170 ಕಿಲೋಮೀಟರ್ ಒಳಗೆ, ಸಿಹಿನೀರಿನ ದಡದಲ್ಲಿ ಕೆಂಪು ಕಾಂಡ್ಲಾ ಇದೆ. ಒಂದೂಕಾಲು ಲಕ್ಷ ವರ್ಷಗಳ ಹಿಂದೆ ಕಡಲು ಇಂದಿಗಿಂತ ಆರರಿಂದ ಒಂಬತ್ತು ಮೀಟರ್ ಎತ್ತರವಿದ್ದಾಗ ಅಲ್ಲಿಗೆ ಬಂದು, ನೀರು ಇಳಿದ ಮೇಲೂ ಉಳಿದುಕೊಂಡ ಸಂತತಿ ಅದು ಎಂದು 2021ರ ಅಧ್ಯಯನ ವಂಶವಾಹಿಗಳ ಆಧಾರದಿಂದ ಹೇಳಿತು.

ನಮ್ಮ ಕಡೆಯ ಕೆಸರನ್ನೂ ಓದಿದವರಿದ್ದಾರೆ. ಕಾರವಾರದ ಎದುರಿನ ಕಡಲತಳದಿಂದ ತೆಗೆದ ಮಣ್ಣಿನ ಕೊಳವೆಗಳಲ್ಲಿ ಪರಾಗ ಎಣಿಸಿ ಕ್ಲೋಡ್ ಕಾರತಿನಿ ಮತ್ತಿತರರು 1994ರಲ್ಲಿ ಬರೆದ ಲೇಖನ ಪ್ರಸಿದ್ಧ. ಸುಮಾರು 3,500 ವರ್ಷಗಳ ಈಚೆಗೆ ಇಲ್ಲಿನ ಹವೆ ಒಣಗುತ್ತ ಬಂದದ್ದನ್ನು ಅವರು ಕಂಡರು. ಕಾಳಿ ನದಿ ಹೊತ್ತು ತಂದ ಘಟ್ಟದ ಕಾಡಿನ ಪರಾಗ, ಅಳಿವೆಯ ಕಾಂಡ್ಲಾದ ಪರಾಗ ಎರಡೂ ಆ ಮಣ್ಣಿನಲ್ಲಿವೆ.

ಮರದ ಉಂಗುರಕ್ಕೆ ಉತ್ತರ ಕನ್ನಡದಲ್ಲಿ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಹಳೆಯ ಕಡಲಮಟ್ಟ ಕೇಳಲು ಹೋಗಿ ಅದು ಕೊಡುವ ಉತ್ತರ ಬೇರೆಯದಾದರೆ, ಪ್ರಶ್ನೆಯನ್ನೇ ಬದಲಿಸಿಕೊಳ್ಳಬಹುದು. ಗಂಗೆಯ ಫರಕ್ಕಾ ಬ್ಯಾರೇಜು 1975ರಲ್ಲಿ ಕೆಲಸ ಶುರುಮಾಡಿದ ಮೇಲೆ ಬಾಂಗ್ಲಾದ ಸುಂದರಬನಕ್ಕೆ ಬೇಸಗೆಯ ಸಿಹಿನೀರು ತಗ್ಗಿತು. ಅಲ್ಲಿನ ಉಂಗುರಗಳಲ್ಲಿ ಕಡಲಿನ ಪಾಲೆಷ್ಟು, ಬ್ಯಾರೇಜಿನ ಪಾಲೆಷ್ಟು ಎಂದು ಬಿಡಿಸುವುದು ದೊಡ್ಡ ತಲೆನೋವು. ಶರಾವತಿಯಲ್ಲಿ ಆದದ್ದು ಇದರ ತದ್ವಿರುದ್ಧ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುತ್ತಿಗೆಂದು ಬಿಡುವ ನೀರು ಬೇಸಗೆಯಲ್ಲೂ ಹೊನ್ನಾವರದ ಅಳಿವೆಗೆ ಹರಿದು ಉಪ್ಪು ತಗ್ಗಿತು. ಅಳಿವೆಯ ಚಿಪ್ಪುಜೀವಿಗಳಿಗೂ ಕಾಂಡ್ಲಾ ಜಾತಿಗಳಿಗೂ ಇದರ ಪೆಟ್ಟು ಬಿದ್ದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಎಂ. ಡಿ. ಸುಭಾಷ್ ಚಂದ್ರನ್ ಬಳಗ ದಾಖಲಿಸಿದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರು ತುಂಬುತ್ತದೆ, ಬೇಸಗೆಯಲ್ಲಿ ಕಡಲೇ ಒಳಗೆ ಬರುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತ ಈ ಏರಿಳಿತಕ್ಕೇ ಒಗ್ಗಿಕೊಂಡ ತಳಿ. ಎರಡೂ ಅಳಿವೆಗಳಿಗೆ ಒಂದೇ ಮುಂಗಾರು, ಒಂದೇ ಕಡಲು, ಒಂದೇ ಚಂದ್ರ. ಹಾಗಾಗಿ ಎರಡೂ ಕಡೆಯ ರೈಜೋಫೊರಾದ ನಾಳದಟ್ಟಣೆಯನ್ನು ಅಕ್ಕಪಕ್ಕ ಇಟ್ಟರೆ ಇವು ಮೂರೂ ಕಳೆದುಹೋಗಿ ನದಿಯ ಪಾಲು ಉಳಿಯಬೇಕು. ನದಿಯ ಪಾಲು ಗೊತ್ತಾದ ಮೇಲೆ ಅಘನಾಶಿನಿಯ ಮರಗಳಲ್ಲಿ ಕಡಲಿನ ಪಾಲು ಹುಡುಕಬಹುದು.

ಇದಕ್ಕೆ ಮೊದಲು ಆಗಬೇಕಾದ ಕೆಲಸ ಸಣ್ಣದು. ನಮ್ಮ ಒಂದೇ ಮಳೆಗಾಲದ ಸೀಮೆಯಲ್ಲಿ ಈ ಮರ ವರ್ಷಕ್ಕೊಂದು ಪಟ್ಟೆ ಕಟ್ಟುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಕಟ್ಟುತ್ತದೆ, ಅದೂ ಕೀನ್ಯಾಕ್ಕಿಂತ ಸ್ಪಷ್ಟವಾಗಿ ಎಂಬುದು ನನ್ನ ಊಹೆ. ಕಾಂಡ್ಲಾ ಕಡಿಯುವುದಕ್ಕೆ ಕಾನೂನಿನ ತಡೆ ಇದೆ, ಇರಬೇಕಾದ್ದೇ. ಗಾಳಿಮಳೆಗೆ ಬಿದ್ದ ಮರಗಳಿಂದ ಅಡ್ಡಕೊಯ್ತ ತೆಗೆಯಬಹುದು. ಅರಣ್ಯ ಇಲಾಖೆ ಈ ಅಳಿವೆಗಳ ಅಂಚಿನಲ್ಲಿ ಕಾಂಡ್ಲಾ ಸಸಿಗಳನ್ನು ನೆಡುತ್ತ ಬಂದಿದೆ. ನೆಟ್ಟ ವರ್ಷ ಕಡತದಲ್ಲಿರುವ ಮರವೊಂದು ಬಿದ್ದಾಗ ಅದರ ಪಟ್ಟೆ ಎಣಿಸಿ ಕಡತದ ಜೊತೆ ತಾಳೆ ನೋಡುವುದಕ್ಕೆ ಬೇಕಾದದ್ದು ಒಂದು ಗರಗಸ, ಒಂದಿಷ್ಟು ಉಜ್ಜುಕಾಗದ, ಒಂದು ಭೂತಗನ್ನಡಿ.